ಬಾದಾಮಿ, ಪಟ್ಟದಕಲ್ಲು, ಐಹೊಳೆ ಎರಡು ದಿನದಲ್ಲಿ: ಐಹೊಳೆಯಿಂದಲೇ ಶುರು ಮಾಡಿ

ಡಿಸೆಂಬರ್ ರಜೆ ಮುಗಿದ ವಾರ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಥರ ಇರುತ್ತವೆ. "ಬಾದಾಮಿ ಚಲೋ ಆತು, ಪಟ್ಟದಕಲ್ಲು ಓಡಿ ಓಡಿ ನೋಡಿದ್ವಿ, ಐಹೊಳಿ ಮುಟ್ಟೂದ್ರಾಗ ಗೇಟ್ ಹಾಕಿದ್ರು." ಬಾಗಲಕೋಟೆಯವನು ಅಂತ ನನ್ನನ್ನು ಕೇಳಿಕೊಂಡು ಹೋದವರೂ ಹೀಗೇ ಹೇಳುತ್ತಾರೆ. ಯಾಕೆಂದರೆ ಕೇಳುವುದು ಕೇಳುತ್ತಾರೆ, ಹೋಗುವಾಗ ತಮ್ಮ ಮನಸ್ಸಿಗೆ ಬಂದ ಹಾಗೆ ಹೋಗುತ್ತಾರೆ.

ನಾನೂ ಒಮ್ಮೆ ಹೀಗೇ ಕೆಟ್ಟವನು. ಮೈಸೂರಿನ ಸೋದರಮಾವನ ಮನೆಯವರನ್ನು ಕರೆದುಕೊಂಡು ಹೋದಾಗ ಐಹೊಳೆ ಮುಟ್ಟಿದ್ದು ಸಂಜೆ ಐದೂವರೆ ದಾಟಿದ ಮೇಲೆ. ದುರ್ಗದ ಗುಡಿಯನ್ನು ಬೇಲಿಯಾಚೆ ನಿಂತು ನೋಡಿದೆವು. ಕಾವಲುಗಾರ ಪಾಪ, "ಏನ್ ಮಾಡಾಕ ಬರ್ತದ್ರಿ, ನಾಳೆ ಬರ್ರಿ" ಅಂದರು. ಮಾವನಿಗೆ ಅವತ್ತು ರಾತ್ರಿಯೇ ರೈಲು. ಇವತ್ತಿಗೂ ಮನೆಯ ಮದುವೆ ಮುಂಜಿಯಲ್ಲಿ ಆ ಮಾತು ಎತ್ತುತ್ತಾರೆ.

ಇಲ್ಲಿ ಚಾಲುಕ್ಯರ ಇತಿಹಾಸ ಹೇಳುವುದಿಲ್ಲ. ಯಾವುದನ್ನು ಯಾವುದರ ಮೊದಲು ನೋಡಬೇಕು, ಎಲ್ಲಿ ಎಡವುತ್ತೀರಿ, ಅಷ್ಟೇ.

## ತಪ್ಪುವುದು ಎಲ್ಲಿ?

ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ. ಅಲ್ಲಿಂದ ಮುಂದೆ ಐಹೊಳೆಗೆ ಇನ್ನೊಂದು 13-14 ಕಿ.ಮೀ. ಮೂರೂ ಒಂದೇ ದಾರಿಯಲ್ಲಿ, ದಾರಕ್ಕೆ ಪೋಣಿಸಿದ ಹಾಗೆ ಇವೆ. ಹಾಗಾಗಿ ಎಲ್ಲರೂ ಹತ್ತಿರದ್ದನ್ನು ಮೊದಲು ನೋಡಿ ದೂರದ್ದನ್ನು ಕೊನೆಗೆ ಇಡುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಬಾದಾಮಿಯ ಗುಹೆ ಹತ್ತುತ್ತಾರೆ, ಒಂದು ಗಂಟೆಗೆ ಸುಸ್ತಾಗಿ ಊಟಕ್ಕೆ ಕೂರುತ್ತಾರೆ, ಮೂರಕ್ಕೆ ಪಟ್ಟದಕಲ್ಲು. ಐಹೊಳೆ ಮುಟ್ಟುವ ಹೊತ್ತಿಗೆ ಸೂರ್ಯನೂ ಇಲ್ಲ, ಗೇಟೂ ಇಲ್ಲ.

ಇದನ್ನು ತಿರುಗಿಸಿ. ದೂರದ ಐಹೊಳೆಗೆ ಮೊದಲು ಹೋಗಿ, ನೋಡುತ್ತ ನೋಡುತ್ತ ಬಾದಾಮಿಗೆ ವಾಪಸ್ ಬನ್ನಿ. ಸಂಜೆ ಹೊತ್ತಾದರೂ ಚಿಂತೆಯಿಲ್ಲ, ನಿಮ್ಮ ರೂಮು ಅಲ್ಲೇ ಇರುತ್ತದೆ.

## ಹಂತ 1: ದಿನ ಆರಿಸುವುದು

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್-ಮೇ ತಿಂಗಳಲ್ಲಿ ಮಕ್ಕಳ ರಜೆ ಅಂತ ಬರುವವರು ಜಾಸ್ತಿ. ಆಗ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬಂಡೆ ಹಂಚಿನ ಹಾಗೆ ಕಾಯುತ್ತದೆ. ಬರಲೇಬೇಕೆಂದರೆ ಹನ್ನೊಂದರಿಂದ ನಾಲ್ಕರವರೆಗೆ ರೂಮಿನಿಂದ ಹೊರಗೆ ಬರಬೇಡಿ.

ಶುಕ್ರವಾರ ಬೇಡ. ಬಾದಾಮಿ ಮತ್ತು ಐಹೊಳೆಯಲ್ಲಿರುವ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಅವತ್ತು ರಜೆ. ಗುಡಿಗಳು ತೆರೆದಿರುತ್ತವೆ. ಆದರೆ ಕೈಯಳತೆಯಲ್ಲಿ ನೋಡಬಹುದಾದ ಎಷ್ಟೋ ಶಿಲ್ಪಗಳು ಮ್ಯೂಸಿಯಂ ಒಳಗಿವೆ.

ಬನದ ಹುಣ್ಣಿಮೆಯ ಹೊತ್ತಿಗೆ, ಅಂದರೆ ಜನವರಿಯ ಆಸುಪಾಸು, ಬನಶಂಕರಿ ಜಾತ್ರೆ ಇರುತ್ತದೆ. ಜಾತ್ರೆ ನೋಡಲು ಬರುವುದಾದರೆ ಖಂಡಿತ ಬನ್ನಿ, ನಾಟಕ ಕಂಪನಿಗಳ ಡೇರೆಗಳನ್ನು ನೋಡುವುದೇ ಒಂದು ಖುಷಿ. ಗುಹೆ ನೋಡಲು ಬರುವವರಿಗೆ ಮಾತ್ರ ಆ ವಾರ ರೂಮೂ ಸಿಗುವುದಿಲ್ಲ, ಬಸ್ಸಿನಲ್ಲಿ ನಿಲ್ಲಲು ಜಾಗವೂ ಇರುವುದಿಲ್ಲ.

ಮಳೆಗಾಲದಲ್ಲಿ ಬರುವವರು ಮಲಪ್ರಭೆಯ ಸುದ್ದಿ ಕೇಳಿಕೊಂಡು ಹೊರಡಿ. ಸವದತ್ತಿಯ ಹತ್ತಿರ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟರೆ ಪಟ್ಟದಕಲ್ಲು ಅಪಾಯದಲ್ಲಿ ಅಂತಲೇ ಲೆಕ್ಕ. 2019ರ ಆಗಸ್ಟ್‌ನಲ್ಲಿ ಗುಡಿಗಳ ಒಳಗೇ ನೀರು ನುಗ್ಗಿತ್ತು.

## ಹಂತ 2: ಉಳಿಯುವುದು, ಓಡಾಡುವುದು

ಬಾದಾಮಿಯಲ್ಲೇ ಉಳಿಯಿರಿ. ಪಟ್ಟದಕಲ್ಲು, ಐಹೊಳೆಯಲ್ಲಿ ವಸತಿ ಹುಡುಕುತ್ತ ಕೂರಬೇಡಿ. ರೈಲಿನಲ್ಲಿ ಬರುವವರಿಗೆ ಒಂದು ಮಾತು: ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ದೂರ. ರಾತ್ರಿ ಇಳಿಯುವುದಾದರೆ ಲಾಡ್ಜಿನವರಿಗೆ ಮೊದಲೇ ಹೇಳಿ ಆಟೋ ತರಿಸಿಕೊಳ್ಳಿ.

ಓಡಾಟಕ್ಕೆ ಮೂರು ದಾರಿ. ಸ್ವಂತ ಕಾರಿದ್ದರೆ ಮಾತೇ ಇಲ್ಲ. ಆಟೋ ಅಥವಾ ಟ್ಯಾಕ್ಸಿ ಮಾಡುವುದಾದರೆ ಹಿಂದಿನ ಸಂಜೆಯೇ ಮಾತಾಡಿ. "ಮೂರೂ ಊರು ತೋರಿಸಿ" ಅಂದರೆ ಸಾಲದು. "ಬೆಳಿಗ್ಗೆ ಆರೂವರೆಗೆ ಹೊರಟು ಮೊದಲು ಐಹೊಳೆ, ಮೇಗುತಿ ಗುಡ್ಡದ ಬುಡದವರೆಗೆ ಬಿಡಬೇಕು, ವೇಟಿಂಗ್ ಸೇರಿ ಎಷ್ಟು?" ಅಂತ ಕೇಳಿ. ಮೇಗುತಿಯ ಹೆಸರು ಹೇಳದಿದ್ದರೆ ದುರ್ಗದ ಗುಡಿ ಒಂದನ್ನೇ ತೋರಿಸಿ, "ಐಹೊಳಿ ಮುಗೀತ್ರಿ" ಅಂತ ಗಾಡಿ ತಿರುಗಿಸುತ್ತಾರೆ.

ಬಸ್ಸಿನವರು ಹಿಂದಿನ ರಾತ್ರಿ ಬಾದಾಮಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಎರಡು ಪ್ರಶ್ನೆ ಕೇಳಬೇಕು: ಐಹೊಳೆಗೆ ಮೊದಲ ಬಸ್ ಎಷ್ಟೊತ್ತಿಗೆ, ಐಹೊಳೆಯಿಂದ ಪಟ್ಟದಕಲ್ಲಿನ ಕಡೆ ಬಸ್ ಎಷ್ಟೊತ್ತಿಗೆ. ಎರಡನೆಯದೇ ಮುಖ್ಯ. ಪಟ್ಟದಕಲ್ಲಿನಿಂದ ಬಾದಾಮಿಗೆ ಬಸ್ಸೋ ಟಂಟಂ ಗಾಡಿಯೋ ಸಿಕ್ಕೇ ಸಿಗುತ್ತದೆ. ಐಹೊಳೆಯಿಂದ ಹೊರಡುವ ಬಸ್ಸು ತಪ್ಪಿಸಿಕೊಂಡರೆ ಮಾತ್ರ ಕಟ್ಟೆಯ ಮೇಲೆ ಕೂತು ಕಾಯುವುದೇ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ.

ವಿಜಯಪುರ, ಹುನಗುಂದದ ಕಡೆಯಿಂದ ಕಾರಿನಲ್ಲಿ ಬರುವವರಿಗೆ ಕೆಲಸ ಇನ್ನೂ ಸುಲಭ. ಅಮೀನಗಡದಿಂದ ನೇರ ಐಹೊಳೆಗೆ ಇಳಿಯಿರಿ. ಬಾದಾಮಿಗೆ ಹೋಗಿ ಲಗೇಜ್ ಇಟ್ಟು ಬರೋಣ ಅನ್ನುವ ಯೋಚನೆ ಬೇಡ, ಅರ್ಧ ದಿನ ಹೋಗುತ್ತದೆ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಬನ್ನಿ, ಮಧ್ಯಾಹ್ನದ ಹಸಿವಿಗೆ ಆಗುತ್ತದೆ.

## ಹಂತ 3: ಚೀಲದಲ್ಲಿ ಏನಿರಬೇಕು

ಒಬ್ಬರಿಗೆ ಎರಡು ಲೀಟರ್ ನೀರು. ಟೋಪಿ ಅಥವಾ ಕೊಡೆ. ಚಿಲ್ಲರೆ ದುಡ್ಡು. ಇವು ಎಲ್ಲರಿಗೂ ಗೊತ್ತು. ಜನ ಮರೆಯುವುದು ಮುಂದಿನ ಮೂರನ್ನು.

ಒಂದು, ಟಾರ್ಚ್. ಮೊಬೈಲಿನ ಬೆಳಕು ಸಾಲದು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಒಳಗಿನ ಕಂಬಗಳಲ್ಲಿ ರಾಮಾಯಣ, ಮಹಾಭಾರತದ ಕತೆಗಳಿವೆ. ಕತ್ತಲಲ್ಲಿ ಅವು ಸುಮ್ನೆ ಉಬ್ಬು ತಗ್ಗು. ಟಾರ್ಚನ್ನು ಕಂಬದ ಎದುರಿಗೆ ಹಿಡಿಯಬೇಡಿ. ಪಕ್ಕದಿಂದ, ಕಲ್ಲಿಗೆ ತಾಗಿದ ಹಾಗೆ ಓರೆಯಾಗಿ ಹಿಡಿಯಿರಿ. ನೆರಳು ಬಿದ್ದು ಒಂದೊಂದೇ ಕೈ, ಬಿಲ್ಲು, ಕುದುರೆ ಎದ್ದು ಬರುತ್ತವೆ.

ಎರಡು, ಹಳೆಯ ಕಾಲುಚೀಲ. ಪೂಜೆ ನಡೆಯುವ ಗುಡಿಗಳಲ್ಲಿ ಚಪ್ಪಲಿ ಬಿಡಬೇಕು, ಹನ್ನೆರಡು ಗಂಟೆಗೆ ಆ ಹಾಸುಗಲ್ಲು ಕಾಲು ಸುಡುತ್ತದೆ.

ಮೂರು, ಜಿಪ್ ಇರುವ, ಬೆನ್ನಿಗೆ ಹಾಕುವ ಚೀಲ. ಯಾಕೆ ಅನ್ನುವುದು ಗುಹೆಗಳ ಹತ್ತಿರ ಬಂದಾಗ ಹೇಳುತ್ತೇನೆ.

ಪುರಾತತ್ವ ಇಲಾಖೆಯ ಟಿಕೆಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಮೂರು ಊರಿಗೂ ಬೇರೆ ಬೇರೆ ಟಿಕೆಟ್, ಹದಿನೈದರ ಒಳಗಿನ ಮಕ್ಕಳಿಗೆ ಬೇಕಿಲ್ಲ. ಗೇಟಿನ ಮುಂದೆ ನಿಂತು ಕ್ಯೂಆರ್ ಸ್ಕ್ಯಾನ್ ಮಾಡಿ ನೆಟ್‌ವರ್ಕಿಗೆ ಕಾಯುವ ಬದಲು, ರಾತ್ರಿ ರೂಮಿನಲ್ಲೇ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಟ್ರೈಪಾಡ್ ತರಬೇಡಿ, ಅದಕ್ಕೆ ಬೇರೆ ಅನುಮತಿ ಬೇಕು.

## ಹಂತ 4: ಮೊದಲ ದಿನ ಬೆಳಿಗ್ಗೆ, ಐಹೊಳೆ

ಆರೂವರೆಗೆ ಬಾದಾಮಿ ಬಿಡಿ. ದಾರಿಯಲ್ಲಿ ಪಟ್ಟದಕಲ್ಲಿನ ಶಿಖರಗಳು ಕಾಣುತ್ತವೆ. ಗಾಡಿಯಲ್ಲಿ ಒಬ್ಬರಾದರೂ "ಇಲ್ಲೇ ಇಳಿದು ನೋಡಿಬಿಡೋಣ, ಹೇಗೂ ಬಂದಿದ್ದೀವಿ" ಅಂದೇ ಅನ್ನುತ್ತಾರೆ. ಇಳಿಯಬೇಡಿ. ಇಡೀ ಯೋಜನೆ ಕೆಡುವುದು ಈ ಜಾಗದಲ್ಲಿ.

ಐಹೊಳೆಯಲ್ಲಿ ಮೊದಲು ಮೇಗುತಿ ಗುಡ್ಡ ಹತ್ತಿ. "ಮೇಲಿನ ಗುಡಿ" ಅನ್ನುವುದೇ ಬಾಯಲ್ಲಿ ಮೇಗುತಿ ಆಗಿದೆ. ಮೆಟ್ಟಿಲು ಹತ್ತುವ ಕೆಲಸವನ್ನು ತಂಪು ಹೊತ್ತಿನಲ್ಲಿ ಮುಗಿಸುವುದು ಒಂದು ಕಾರಣ. ಇನ್ನೊಂದು, ಮೇಲಿನಿಂದ ಇಡೀ ಊರು ಕಾಣುತ್ತದೆ. ಮನೆಗಳ ನಡುವೆ ಗುಡಿ, ಗುಡಿಗೆ ತಾಗಿ ದನದ ಕೊಟ್ಟಿಗೆ, ಹಿಂದೆ ಮಲಪ್ರಭೆ. ನೂರಕ್ಕೂ ಮೇಲೆ ಗುಡಿಗಳಿರುವ ಊರಿನಲ್ಲಿ ಎಲ್ಲಿದ್ದೇವೆ ಅಂತ ಒಮ್ಮೆ ಮೇಲಿನಿಂದ ನೋಡಿಕೊಂಡರೆ ಕೆಳಗಿಳಿದ ಮೇಲೆ ದಾರಿ ತಪ್ಪುವುದಿಲ್ಲ.

ಮೇಗುತಿಯಲ್ಲಿ ಗೋಡೆಯ ಹೊರಮೈಯಲ್ಲಿರುವ ಶಾಸನ ಹುಡುಕಿ. 634ರದ್ದು, ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿ ಬರೆದದ್ದು. ಶಾಲೆಯ ಪುಸ್ತಕದಲ್ಲಿ ಓದಿದ "ಐಹೊಳೆ ಶಾಸನ" ಇದೇ. ಎಷ್ಟೋ ಜನ ಗುಡಿಯ ಒಳಗೆ ಹೋಗಿ ಬಂದು ಶಾಸನ ನೋಡದೆ ಇಳಿಯುತ್ತಾರೆ.

ಇಳಿದ ಮೇಲೆ ದುರ್ಗದ ಗುಡಿ. ಇಲ್ಲಿ ಮಾಡುವ ತಪ್ಪು ಒಂದೇ: ಮುಂದಿನಿಂದ ಒಳಗೆ ಹೋಗಿ, ಫೋಟೋ ತೆಗೆದು, ಹೊರಗೆ ಬರುವುದು. ಈ ಗುಡಿಯ ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗಿದೆ. ಸುತ್ತಲೂ ಕಂಬಗಳ ಪಡಸಾಲೆ. ಮಹಿಷಮರ್ದಿನಿ, ವರಾಹ, ನರಸಿಂಹ ಎಲ್ಲ ಇರುವುದು ಆ ಪಡಸಾಲೆಯ ಗೂಡುಗಳಲ್ಲಿ. ಬಲಕ್ಕೆ ಸುತ್ತು ಹಾಕಿ, ಒಂದೊಂದು ಗೂಡಿನ ಮುಂದೆ ನಿಲ್ಲಿ. ಅದೇ ಆವರಣದಲ್ಲಿ ಲಾಡ್‌ಖಾನ್ ಗುಡಿ ಇದೆ. ಅದರ ಚಾವಣಿ ನೋಡಿ, ಮರದ ತೊಲೆ ಜೋಡಿಸಿದ ಹಾಗೆ ಕಲ್ಲಿನ ಪಟ್ಟಿಗಳನ್ನು ಜೋಡಿಸಿದ್ದಾರೆ. ಮ್ಯೂಸಿಯಂ ಕೂಡ ಇಲ್ಲೇ.

ಕೊನೆಗೆ ರಾವಣಫಡಿ. ಊರಿನ ಅಂಚಿನಲ್ಲಿರುವ ಗುಹೆ. ಕುಣಿಯುವ ಶಿವ, ಸುತ್ತ ಸಪ್ತಮಾತೃಕೆಯರು. ನೋಡಲು ಹತ್ತು ನಿಮಿಷ ಸಾಕು ಅಂತ ಹೇಳುವವರ ಮಾತು ಕೇಳಬೇಡಿ. ಟಾರ್ಚ್ ಹಿಡಿದು ಒಬ್ಬೊಬ್ಬ ಮಾತೃಕೆಯ ಸೀರೆಯ ನೆರಿಗೆ ನೋಡಿ. ನಮ್ಮ ಅವ್ವ ಇದನ್ನು ನೋಡಿ "ಇಸ್ತ್ರಿ ಮಾಡಿದಂಗ ಐತಲ್ಲೋ" ಅಂದಿದ್ದರು.

ಹತ್ತೂವರೆಗೆ ಐಹೊಳೆ ಬಿಡಬೇಕು. ಇನ್ನೂ ಗುಡಿಗಳಿವೆ ಅನ್ನಿಸುತ್ತದೆ, ಇದ್ದೇ ಇವೆ. ಬಿಡಿ.

## ಹಂತ 5: ಪಟ್ಟದಕಲ್ಲು

ಹನ್ನೊಂದಕ್ಕೆ ಬಂದಿರುತ್ತೀರಿ. ನಿಜ ಹೇಳಬೇಕೆಂದರೆ ಇದು ಪಟ್ಟದಕಲ್ಲಿಗೆ ಒಳ್ಳೆಯ ಹೊತ್ತಲ್ಲ. ವಿರೂಪಾಕ್ಷ ಪೂರ್ವಕ್ಕೆ ಮುಖ ಮಾಡಿದ ಗುಡಿ, ಬೆಳಗಿನ ಬಿಸಿಲಿನಲ್ಲಿ ಅದರ ಮುಖ ನೋಡುವುದೇ ಚೆಂದ. ಆದರೆ ಮೂರರಲ್ಲಿ ಒಂದನ್ನು ಬಿಸಿಲಿಗೆ ಕೊಡಲೇಬೇಕಲ್ಲ, ನಾನು ಇದನ್ನು ಕೊಡುತ್ತೇನೆ. ಇಲ್ಲಿ ಗುಡ್ಡ ಹತ್ತುವುದಿಲ್ಲ, ನೆಲ ಸಪಾಟು, ಗುಡಿಗಳ ಒಳಗೆ ತಂಪು.

ಒಳಗೆ ಬಂದ ಕೂಡಲೇ ವಿರೂಪಾಕ್ಷನ ಕಡೆ ಓಡಬೇಡಿ. ಹುಲ್ಲುಹಾಸಿನ ಮೇಲೆ ನಿಂತು ಶಿಖರಗಳನ್ನು ಹೋಲಿಸಿ. ಕೆಲವು ಬಾಗುತ್ತ ಬಾಗುತ್ತ ಮೇಲೆ ಹೋಗಿವೆ: ಗಳಗನಾಥ, ಜಂಬುಲಿಂಗ, ಕಾಶಿವಿಶ್ವನಾಥ. ಕೆಲವು ಮೆಟ್ಟಿಲು ಮೆಟ್ಟಿಲಾಗಿ ಹೋಗಿವೆ: ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ. ಉತ್ತರದ ಶೈಲಿ, ದಕ್ಷಿಣದ ಶೈಲಿ ಒಂದೇ ಅಂಗಳದಲ್ಲಿ. 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಇದಕ್ಕೇ. ಮಕ್ಕಳಿಗೆ "ಇದು ಯಾವ ಥರದ್ದು ಹೇಳು" ಅಂತ ಆಟ ಆಡಿಸಿ, ಒಂದು ಗಂಟೆ ತಂಟೆ ಮಾಡುವುದಿಲ್ಲ.

ಆಮೇಲೆ ವಿರೂಪಾಕ್ಷ. ಕಪ್ಪು ಕಲ್ಲಿನ ನಂದಿ ನೋಡಿ, ಮುಖಮಂಟಪದ ಚಾವಣಿಯಲ್ಲಿ ರಥದ ಮೇಲಿನ ಸೂರ್ಯನನ್ನು ನೋಡಿ, ಒಳಗೆ ಕಂಬಗಳಿಗೆ ಟಾರ್ಚ್ ಹಿಡಿಯಿರಿ. ಇಲ್ಲಿ ಈಗಲೂ ಪೂಜೆ ಇದೆ. ಗರ್ಭಗುಡಿಯ ಮುಂದೆ ಜನ ಕೈಮುಗಿದು ನಿಂತಿರುವಾಗ ಅವರ ಮುಖಕ್ಕೆ ಬೆಳಕು ಬಿಡಬೇಡಿ.

ಎಲ್ಲರೂ ತಪ್ಪಿಸಿಕೊಳ್ಳುವುದು ಪಾಪನಾಥ ಗುಡಿ. ಅದು ಈ ಗುಂಪಿನಿಂದ ಸ್ವಲ್ಪ ದೂರ, ದಕ್ಷಿಣಕ್ಕಿದೆ. ಕಾವಲಿನವರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಹೊರಗೋಡೆಯ ಮೇಲೆ ರಾಮಾಯಣದ ದೃಶ್ಯಗಳಿವೆ. ಸುಸ್ತಾಗಿದೆ ಅಂತ ಬಿಟ್ಟು ಬಂದವರು ಆಮೇಲೆ ನನಗೆ ಫೋನ್ ಮಾಡಿ ಹೊಟ್ಟೆ ಉರಿಸಿಕೊಂಡಿದ್ದಾರೆ. ಬಾದಾಮಿ ರಸ್ತೆಯಲ್ಲಿ ಸುಮಾರು ಒಂದು ಕಿಲೋಮೀಟರ್ ಬಂದರೆ ಜೈನ ಬಸದಿ ಸಿಗುತ್ತದೆ, ಅದಕ್ಕೆ ಕಾಲು ಗಂಟೆ ಕೊಡಿ.

## ಹಂತ 6: ಸಂಜೆ, ಅಗಸ್ತ್ಯ ತೀರ್ಥ

ಬಾದಾಮಿಗೆ ಬಂದು ಖಾನಾವಳಿಯಲ್ಲಿ ಊಟ ಮಾಡಿ ಮಲಗಿ. ನಾಲ್ಕೂವರೆಗೆ ಎದ್ದು ಅಗಸ್ತ್ಯ ತೀರ್ಥ ಅನ್ನುವ ಕೆರೆಯ ಕಡೆ ನಡೆಯಿರಿ. ಭೂತನಾಥ ಗುಡಿ ಕೆರೆಯ ಪೂರ್ವದ ತುದಿಯಲ್ಲಿದೆ. ಇಳಿಬಿಸಿಲು ಎದುರಿನಿಂದ ಬಿದ್ದಾಗ ಗುಡಿಯೂ ಅದರ ಹಿಂದಿನ ಬಂಡೆಯೂ ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಇದನ್ನು ಬೆಳಿಗ್ಗೆ ನೋಡಲು ಹೋಗಿ "ಫೋಟೋದಲ್ಲಿ ಇದ್ದ ಹಾಗೆ ಇಲ್ಲ" ಅನ್ನುವವರಿದ್ದಾರೆ.

ಕೆರೆಯ ಮೆಟ್ಟಿಲಲ್ಲಿ ಪಾಚಿ ಇರುತ್ತದೆ. ಬಟ್ಟೆ ಒಗೆಯುವ ಹೆಂಗಸರು ಸರಾಗ ಓಡಾಡುತ್ತಾರೆ, ಅವರಿಗೆ ರೂಢಿ. ನಿಮಗಿಲ್ಲ. ಜೋರು ಮಳೆ ಬಿದ್ದ ದಿನ ಬಂದಿದ್ದರೆ ಬಂಡೆಯಿಂದ ಧುಮುಕುವ ಅಕ್ಕ-ತಂಗಿ ಜಲಪಾತವೂ ಸಿಗುತ್ತದೆ, ಅದೃಷ್ಟ.

## ಹಂತ 7: ಎರಡನೇ ದಿನ, ಗುಹೆಗಳು

ಗೇಟ್ ತೆಗೆಯುವ ಹೊತ್ತನ್ನು ಹಿಂದಿನ ಸಂಜೆಯೇ ಕೇಳಿಟ್ಟುಕೊಂಡು ಮೊದಲಿಗರಾಗಿ ಹೋಗಿ. ಒಂಬತ್ತೂವರೆ ದಾಟಿದರೆ ಶಾಲೆಯ ಬಸ್ಸುಗಳು ಬರುತ್ತವೆ. ಇನ್ನೂರು ಮಕ್ಕಳು ಒಟ್ಟಿಗೆ ಒಂದನೇ ಗುಹೆಯಲ್ಲಿ ನಟರಾಜನ ಕೈ ಎಣಿಸುತ್ತಿರುತ್ತಾರೆ.

ಗುಹೆ ನಾಲ್ಕು. ಎಲ್ಲರೂ ಒಂದರಿಂದ ಶುರು ಮಾಡುತ್ತಾರೆ, ನೀವು ಕೊನೆಯದರಿಂದ ಶುರು ಮಾಡಿ. ನೇರ ನಾಲ್ಕಕ್ಕೆ ಹೋಗಿ ಜೈನ ಗುಹೆ ನೋಡಿ, ಪಾರ್ಶ್ವನಾಥ, ಬಾಹುಬಲಿ ಇದ್ದಾರೆ. ಅಲ್ಲಿಂದ ಮೂರಕ್ಕೆ ಬನ್ನಿ. ನಾಲ್ಕರಲ್ಲಿ ದೊಡ್ಡದು, ಚೆಂದದ್ದು ಇದೇ. ಹೆಚ್ಚು ಹೊತ್ತು ಇಲ್ಲಿಗೇ ಕೊಡಿ. ಶೇಷನ ಮೇಲೆ ಕೂತ ವಿಷ್ಣು, ವರಾಹ, ತ್ರಿವಿಕ್ರಮ, ಕಂಬದ ತುದಿಯಲ್ಲಿ ಜೋಡಿಗಳು. ಚಾವಣಿಯಂಚಿನಲ್ಲಿ ಹಳೆಯ ಬಣ್ಣದ ಚಿತ್ರದ ಗುರುತು ಉಳಿದಿದೆ, ಫ್ಲ್ಯಾಶ್ ಹಾಕಬೇಡಿ. ಮಂಗಳೇಶ ಬರೆಸಿದ 578ರ ಶಾಸನವೂ ಈ ಗುಹೆಯಲ್ಲೇ ಇದೆ. ಆಮೇಲೆ ಎರಡು, ಕೊನೆಗೆ ಒಂದು. ಹದಿನೆಂಟು ಕೈಯ ನಟರಾಜ ಎಲ್ಲಿಗೂ ಹೋಗುವುದಿಲ್ಲ.

ಮೊಣಕಾಲು ನೋವಿನ ಹಿರಿಯರಿದ್ದರೆ ಅವರನ್ನು ಒಂದನೇ ಗುಹೆಯವರೆಗೆ ಮಾತ್ರ ಹತ್ತಿಸಿ, ನೆರಳಿನಲ್ಲಿ ಕೂರಿಸಿ. ಆ ಗುಹೆಗೆ ಮೆಟ್ಟಿಲು ಕಡಿಮೆ. ನಟರಾಜ, ಹರಿಹರ, ಅರ್ಧನಾರೀಶ್ವರ ಮೂವರೂ ಅಲ್ಲೇ ಸಿಗುತ್ತಾರೆ.

ಈಗ ಕೋತಿ. ಇಲ್ಲಿನ ಕೋತಿಗಳಿಗೆ ಕ್ಯಾರಿಬ್ಯಾಗ್ ಸಪ್ಪಳ ಅಂದರೆ ಊಟದ ಗಂಟೆ. ನಮ್ಮ ಅಕ್ಕನ ಮಗ ಬಾಳೆಹಣ್ಣಿನ ಕ್ಯಾರಿಬ್ಯಾಗಿನಲ್ಲೇ ಕಾರಿನ ಕೀ ಹಾಕಿಕೊಂಡಿದ್ದ. ಎರಡನೇ ಗುಹೆಯ ಮುಂದೆ ಒಂದು ಕೋತಿ ಅದನ್ನು ಕಿತ್ತುಕೊಂಡು ಬಂಡೆಯ ಮೇಲೆ ಕೂತಿತು. ಒಂದೊಂದೇ ಹಣ್ಣು ಸುಲಿದು ತಿಂದು, ಕೊನೆಗೆ ಕೀ ತೆಗೆದು ಮೂಸಿ, ಕೆಳಗೆ ಎಸೆಯಿತು. ಅಷ್ಟು ಹೊತ್ತು ನಾವು ಹನ್ನೊಂದು ಮಂದಿ ಕತ್ತೆತ್ತಿ ನಿಂತಿದ್ದೆವು. ಹಾಗಾಗಿ ಜಿಪ್ ಇರುವ ಚೀಲ. ತಿನ್ನುವುದು, ಕುಡಿಯುವುದು ಎಲ್ಲ ಕೆಳಗೆ. ಕೋತಿ ಹಲ್ಲು ತೋರಿಸಿ ದಿಟ್ಟಿಸಿದರೆ ಅದು ನಗುವಲ್ಲ. ಕಣ್ಣಲ್ಲಿ ಕಣ್ಣಿಡದೆ, ಓಡದೆ ಮೆಲ್ಲಗೆ ಹಿಂದೆ ಸರಿಯಿರಿ. ಪರಚಿದರೆ ತಕ್ಷಣ ಸೋಪು ಹಾಕಿ ಚೆನ್ನಾಗಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದಿನ ಬಗ್ಗೆ ಕೇಳಿ.

## ಹಂತ 8: ಮ್ಯೂಸಿಯಂ, ಎದುರು ಗುಡ್ಡ

ಗುಹೆಗಳ ಎದುರಿಗೆ, ಕೆರೆಯ ಆಚೆ ದಂಡೆಯಲ್ಲಿ ಮ್ಯೂಸಿಯಂ ಇದೆ. ಅದರ ಪಕ್ಕದಿಂದಲೇ ಬಡಗಣ ಕೋಟೆಗೆ ಮೆಟ್ಟಿಲು. ಎರಡು ಕಡೆ ಎತ್ತರದ ಕೆಂಪು ಬಂಡೆ, ನಡುವೆ ಓಣಿಯ ಹಾಗೆ ದಾರಿ. ಮಕ್ಕಳಿಗೆ ಗುಹೆಗಿಂತ ಇದೇ ಇಷ್ಟವಾಗುತ್ತದೆ. ಹನ್ನೊಂದರ ಒಳಗೆ ಹತ್ತಿ ಇಳಿದುಬಿಡಿ.

ಇಲ್ಲಿ ಒಂದು ಗೊಂದಲ. ಈ ದಾರಿಯಲ್ಲಿ ಮೇಲೆ ಸಿಗುವುದು ಮೇಲಣ ಶಿವಾಲಯ. ಮಾಲೆಗಿತ್ತಿ ಶಿವಾಲಯ ಬೇರೆ, ಅದು ಬೇರೆ ಬಂಡೆಯ ಮೇಲಿದೆ, ಹತ್ತುವ ದಾರಿಯೂ ಬೇರೆ. ಮೇಲೆ ನಿಂತು "ಮಾಲೆಗಿತ್ತಿ ಎಲ್ಲಿ" ಅಂತ ಹುಡುಕಬೇಡಿ. ಕೋಟೆಯ ಅಂಚಿಗೆ ಎಲ್ಲ ಕಡೆ ಕಂಬಿ ಇಲ್ಲ. ಮರಳುಗಲ್ಲಿನ ಪುಡಿ ಚಪ್ಪಲಿಯ ಕೆಳಗೆ ಜಾರುತ್ತದೆ, ಸೆಲ್ಫಿಗೆ ಹಿಂದೆ ಹಿಂದೆ ಹೆಜ್ಜೆ ಇಡುವವರಿಗೆ ಇದನ್ನು ಎರಡು ಸಲ ಹೇಳಿ.

## ನಿಲ್ಲಿಸಬೇಕಾದ ಸೂಚನೆಗಳು

ಜೊತೆಯಲ್ಲಿರುವವರು ಮಾತು ಕಡಿಮೆ ಮಾಡಿದರು, ತಲೆ ಸುತ್ತು ಅಂದರು, ವಾಕರಿಕೆ ಬಂತು ಅಂದರೆ ಅಲ್ಲಿಗೇ ನಿಲ್ಲಿಸಿ. ನೆರಳಿಗೆ ಕರೆದೊಯ್ದು ನೀರು ಕೊಡಿ, ಬಟ್ಟೆ ಒದ್ದೆ ಮಾಡಿ ಕತ್ತಿಗೆ ಹಾಕಿ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. "ಇನ್ನೊಂದೇ ಗುಡಿ" ಅನ್ನುವ ಮಾತು ಬೇಡ.

ಗೈಡ್ ಬೇಕೆಂದರೆ ಗುರುತಿನ ಚೀಟಿ ನೋಡಿ, ದರ ಮೊದಲೇ ಗೊತ್ತು ಮಾಡಿ. ಒಳ್ಳೆಯ ಗೈಡ್ ಮೂರನೇ ಗುಹೆಯಲ್ಲಿ ನಿಮ್ಮನ್ನು ಅರ್ಧ ಗಂಟೆ ಕಟ್ಟಿ ಹಾಕುತ್ತಾನೆ. ಹತ್ತು ನಿಮಿಷದಲ್ಲಿ "ಆತ್ರಿ, ನಡೀರಿ" ಅಂದರೆ ಮುಂದಿನ ಜಾಗಕ್ಕೆ ಅವನನ್ನು ಕರೆದೊಯ್ಯಬೇಡಿ.

## ಒಂದೇ ದಿನ ಇರುವವರಿಗೆ

ಏಳೂವರೆಯಿಂದ ಹತ್ತು ಐಹೊಳೆ, ಹತ್ತೂಮುಕ್ಕಾಲರಿಂದ ಒಂದು ಪಟ್ಟದಕಲ್ಲು, ಊಟ, ಮೂರಕ್ಕೆ ಗುಹೆಗಳು, ಸಂಜೆ ಭೂತನಾಥ. ಮ್ಯೂಸಿಯಂ, ಕೋಟೆ, ಮಹಾಕೂಟ ಬಿಡಬೇಕು. ಆಗುತ್ತದೆ, ಆದರೆ ಹಿರಿಯರನ್ನು ಕರೆತರಬೇಡಿ.

## ಹಂತ 9: ಮಹಾಕೂಟ, ಬನಶಂಕರಿ

ಎರಡನೇ ದಿನ ಹನ್ನೊಂದೂವರೆಗೆ ಬಾದಾಮಿ ಬಿಟ್ಟು ಮಹಾಕೂಟಕ್ಕೆ ಹೋಗಿ. ಬೆಟ್ಟದ ಬುಡದಲ್ಲಿ ಗುಡಿಗಳು, ನಡುವೆ ಊಟೆಯ ನೀರಿನ ಪುಷ್ಕರಣಿ. ಟವೆಲ್, ಬದಲಿ ಬಟ್ಟೆ ಇಟ್ಟುಕೊಂಡಿರಿ. ನೀರು ನೋಡಿದ ಮೇಲೆ ಯಾರೂ ಸುಮ್ನೆ ಕೂರುವುದಿಲ್ಲ. ಈಜು ಬಾರದ ಮಕ್ಕಳನ್ನು ಮೆಟ್ಟಿಲು ಬಿಟ್ಟು ಇಳಿಸಬೇಡಿ.

ಊಟಕ್ಕೆ ಬನಶಂಕರಿಗೆ ಬನ್ನಿ, ಬಾದಾಮಿಯಿಂದ ಸುಮಾರು 5 ಕಿ.ಮೀ. ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಡಿಗೆಯಲ್ಲಿ ಕೆನೆ ಮೊಸರು. ಹೋಟೆಲ್ ಹುಡುಕಬೇಡಿ. ಮೊದಲೇ ರೇಟು ಕೇಳಿ, ನೆರಳು ಹುಡುಕಿ ಕೂತುಕೊಳ್ಳಿ. ಮೊಸರು ಎರಡನೇ ಸಲ ಕೇಳಿದರೆ "ಹಾಕ್ಕೋರಿ ಅಣ್ಣಾರ, ಮೊದ್ಲು ಊಟ ಮಾಡ್ರಿ" ಅಂತ ತಾವೇ ಬಡಿಸುತ್ತಾರೆ. ಎದ್ದ ಮೇಲೆ ರೈಲಿಗೆ ಹೊತ್ತಿದ್ದರೆ ಗುಳೇದಗುಡ್ಡಕ್ಕೆ ಹೋಗಿ ರವಿಕೆಯ ಖಣ ತೆಗೆದುಕೊಳ್ಳಿ. ಹೊತ್ತಿಲ್ಲದಿದ್ದರೆ ಸ್ಟೇಷನ್ ಕಡೆ ಆಟೋ ಹಿಡಿಯಿರಿ.